ಗೆರೆಯ ಎರಡು ಬದಿ: ಅಂತಾರಾಜ್ಯ ಅಭಿರಕ್ಷೆ ವ್ಯಾಜ್ಯಗಳು ಮತ್ತು ಜನಪದರ ನ್ಯಾಯಕಲ್ಪನೆ

ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳವಾಡಿ ನ್ಯಾಯಕ್ಕೆ ಬಂದ ಕಥೆ ಜಗತ್ತಿನ ಕಥಾಪರಂಪರೆಯಲ್ಲಿ ಬಹುದೂರ ಸಂಚರಿಸಿದೆ. ಆರ್ನೆ–ಥಾಂಪ್ಸನ್ ವರ್ಗಸೂಚಿಯಲ್ಲಿ 926 ಎಂಬ ಸಂಖ್ಯೆಯನ್ನು ಪಡೆದಿರುವ ಈ ಕಥೆಯ ಒಂದು ಪಾಠ ಬೈಬಲ್ಲಿನ ಸೊಲೊಮೋನನ ಪ್ರಸಂಗ. ಅಲ್ಲಿ ಅರಸನು ಕೂಸನ್ನು ಕತ್ತಿಯಿಂದ ಇಬ್ಭಾಗ ಮಾಡಲು ಹೇಳುತ್ತಾನೆ. ನಮ್ಮ ನೆಲದ ಪಾಠ ಪಾಲಿ ಭಾಷೆಯ ಮಹಾಉಮ್ಮಗ್ಗ ಜಾತಕದಲ್ಲಿದೆ. ಅಲ್ಲಿ ಕತ್ತಿಯಿಲ್ಲ, ಮಹೋಸಧ ಪಂಡಿತನು ನೆಲದ ಮೇಲೆ ಒಂದು ಗೆರೆಯನ್ನೆಳೆದು, ಗೆರೆಯ ನಡುವೆ ಕೂಸನ್ನು ಮಲಗಿಸಿ, ಒಬ್ಬಳು ಕೈಗಳನ್ನೂ ಇನ್ನೊಬ್ಬಳು ಕಾಲುಗಳನ್ನೂ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳಲಿ ಎನ್ನುತ್ತಾನೆ. ಎಳೆತಕ್ಕೆ ಕೂಸು ಅಳುತ್ತದೆ. ಅಳು ಕೇಳಿದ ಹೆತ್ತವಳು ಕೈಬಿಟ್ಟು ನಿಂತು ಕಣ್ಣೀರಿಡುತ್ತಾಳೆ. ಬಿಟ್ಟವಳೇ ತಾಯಿ ಎಂದು ಪಂಡಿತನು ತೀರ್ಮಾನಿಸುತ್ತಾನೆ. ಎಳೆದವಳು ಕೂಸನ್ನು ತಿನ್ನಲು ಬಂದ ಯಕ್ಷಿಣಿ. ಚೀನಾದ ಹಳೆಯ ನಾಟಕವೊಂದರಲ್ಲಿ ಗೆರೆಯು ಸುಣ್ಣದ ವೃತ್ತವಾಯಿತು. 20ನೆಯ ಶತಮಾನದಲ್ಲಿ ಬ್ರೆಕ್ಟ್ ಅದನ್ನು ಕಾಕೇಸಸ್ಸಿಗೆ ಒಯ್ದು, ಬಿಟ್ಟವಳು ಹೆತ್ತವಳಲ್ಲ, ಸಾಕಿದವಳು ಎಂದು ತಿರುಗಿಸಿದ. ಆದರೆ ಕಥೆಯ ತಿರುಳು ಎಲ್ಲಿಯೂ ಬದಲಾಗಲಿಲ್ಲ. ಕೈಬಿಡುವುದೇ ಹಕ್ಕಿನ ಸಾಕ್ಷ್ಯ ಎಂಬುದು ಆ ತಿರುಳು.

ಇಂದು ಗಂಡ ಒಂದು ರಾಜ್ಯದಲ್ಲಿ, ಹೆಂಡತಿ ಇನ್ನೊಂದು ರಾಜ್ಯದಲ್ಲಿ ನಿಂತು ಮಗುವಿಗಾಗಿ ನಡೆಸುವ ವ್ಯಾಜ್ಯಗಳಲ್ಲಿ ಈ ತಿರುಳು ತಲೆಕೆಳಗಾಗಿದೆ. ಅಲ್ಲಿ ಕೈಬಿಟ್ಟವರು ಸೋಲುವ ಸಂಭವವೇ ಹೆಚ್ಚು. ಹೀಗೇಕಾಯಿತು, ಜನಪದರು ಇಂತಹ ವ್ಯಾಜ್ಯವನ್ನು ಯಾವ ಬಗೆಯಲ್ಲಿ ಗ್ರಹಿಸಿದ್ದರು, ಆ ಗ್ರಹಿಕೆಯಲ್ಲಿ ಇಂದಿಗೆ ಸಲ್ಲುವುದೆಷ್ಟು, ಸಲ್ಲದಿರುವುದೆಷ್ಟು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ. ಲೇಖಕನು ನ್ಯಾಯಶಾಸ್ತ್ರದ ವಿದ್ಯಾರ್ಥಿಯಲ್ಲ. ಕನ್ನಡ–ಮರಾಠಿ ಗಡಿಭಾಗದ ಹಳ್ಳಿಗಳಲ್ಲಿ ಹುಟ್ಟು, ನಾಮಕರಣ, ಜಾವಳ, ಮದುವೆಗಳ ಆಚರಣೆಗಳನ್ನು ಸಂಗ್ರಹಿಸುತ್ತಿದ್ದಾಗ, ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಹೆಂಗಸರು ಹೇಳಿಕೊಂಡ ಸಂಗತಿಗಳಲ್ಲಿ ಕೋರ್ಟಿನ ಮಾತು ಪದೇ ಪದೇ ಬರತೊಡಗಿದ್ದೇ ಈ ಬರಹಕ್ಕೆ ಕಾರಣ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಮಗುವಿನ ಅಭಿರಕ್ಷೆಗೆ ಸಂಬಂಧಿಸಿದಂತೆ ಭಾರತದಲ್ಲಿ ಎಲ್ಲ ಮತಧರ್ಮದವರಿಗೂ ಅನ್ವಯಿಸುವ ಮೂಲ ಶಾಸನ 1890ರ ಪಾಲಕರು ಮತ್ತು ಪಾಲ್ಯರ ಅಧಿನಿಯಮ. ಅರ್ಜಿಯನ್ನು ಯಾವ ನ್ಯಾಯಾಲಯದಲ್ಲಿ ಸಲ್ಲಿಸಬೇಕು ಎಂಬ ಪ್ರಶ್ನೆಗೆ ಅದರ 9ನೆಯ ಕಲಂ ಉತ್ತರ ಕೊಡುತ್ತದೆ. ಅಪ್ರಾಪ್ತ ವಯಸ್ಸಿನ ಮಗು ‘ಸಾಧಾರಣವಾಗಿ ವಾಸಿಸುವ’ ಸ್ಥಳ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆಯೋ ಅಲ್ಲಿಗೆ. ತಂದೆಯ ಊರು ಎಂದಾಗಲಿ, ತಾಯಿಯ ಊರು ಎಂದಾಗಲಿ, ಮದುವೆಯಾದ ಊರು ಎಂದಾಗಲಿ ಶಾಸನ ಹೇಳುವುದಿಲ್ಲ. ವಿವಾಹ ವಿಚ್ಛೇದನದ ಅರ್ಜಿಗೆ ಮದುವೆ ನಡೆದ ಸ್ಥಳ, ಕೊನೆಯದಾಗಿ ಕೂಡಿ ಬಾಳಿದ ಸ್ಥಳ ಮುಂತಾದ ಹಲವು ಆಧಾರಗಳುಂಟು. ಮಗುವಿನ ವಿಷಯದಲ್ಲಿ ಮಾತ್ರ ಮಗು ಇರುವ ಜಾಗವೇ ಆಧಾರ. ಇದರ ಹಿಂದಿನ ಆಲೋಚನೆ ಒಳ್ಳೆಯದೇ. ಮಗುವಿನ ಶಾಲೆ, ನೆರೆಹೊರೆ, ಆರೈಕೆ ಇವುಗಳ ವಿಚಾರಣೆ ಅಲ್ಲಿಯೇ ಸುಲಭ. ಮಗುವನ್ನು ದೂರಕ್ಕೆ ಅಲೆಸಬೇಕಾಗಿಲ್ಲ.

ತೊಡಕಿರುವುದು ‘ಸಾಧಾರಣವಾಗಿ’ ಎಂಬ ಒಂದು ಪದದಲ್ಲಿ. ಎಷ್ಟು ದಿನ ಇದ್ದರೆ ಸಾಧಾರಣ ವಾಸ? ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಕೌಟುಂಬಿಕ ಕಾನೂನಿದೆ. ಒಂದು ರಾಜ್ಯದ ಆದೇಶವನ್ನು ತಪ್ಪಿಸಿಕೊಳ್ಳಲು ತಂದೆಯೋ ತಾಯಿಯೋ ಮಗುವನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವುದು ಅಲ್ಲಿ ದೊಡ್ಡ ಪಿಡುಗಾಗಿತ್ತು. ಆದುದರಿಂದ 1968ರಲ್ಲಿ ಒಂದು, 1997ರಲ್ಲಿ ಪರಿಷ್ಕೃತವಾದ ಇನ್ನೊಂದು ಏಕರೂಪ ಶಾಸನದ ಮಾದರಿಯನ್ನು ಸಿದ್ಧಪಡಿಸಿದರು. 1997ರ ಮಾದರಿಯಂತೆ, ವ್ಯಾಜ್ಯ ಹೂಡುವ ಮುನ್ನ ಮಗು ಸತತ 6 ತಿಂಗಳು ಎಲ್ಲಿ ವಾಸವಾಗಿತ್ತೋ ಅದೇ ಅದರ ‘ತವರು ರಾಜ್ಯ’. ಅದಕ್ಕಿಂತ ಎಳೆಯ ಮಗುವಾದರೆ ಹುಟ್ಟಿದಂದಿನಿಂದ ಇದ್ದ ಸ್ಥಳ. (ಆ ಪದವನ್ನು ಕನ್ನಡಕ್ಕೆ ತರುವಾಗ ‘ತವರು’ ಎಂಬ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ ಎಂಬುದು ನಮಗೆ ಮುಂದೆ ಉಪಯೋಗಕ್ಕೆ ಬರಲಿದೆ.) ಭಾರತದಲ್ಲಿ ಎಲ್ಲ ರಾಜ್ಯಗಳಿಗೂ ಒಂದೇ ಶಾಸನವಿರುವುದರಿಂದ ಇಂತಹ ಏರ್ಪಾಡು ಬೇಕೆನಿಸಲಿಲ್ಲವೇನೋ. ಇಲ್ಲಿ ತಿಂಗಳ ಲೆಕ್ಕವಿಲ್ಲ. ಇದು ಮುಖ್ಯವಾಗಿ ಸಂಗತಿಗಳನ್ನು ಅವಲಂಬಿಸಿದ ಪ್ರಶ್ನೆ ಎಂದು ಸರ್ವೋಚ್ಚ ನ್ಯಾಯಾಲಯ 2011ರ ತೀರ್ಪೊಂದರಲ್ಲಿ ಹೇಳಿದೆ. ತಂದೆತಾಯಿಗಳಲ್ಲೊಬ್ಬರು ಸದ್ದಿಲ್ಲದೆ ಒಯ್ದಿರಿಸಿದ ಸ್ಥಳ ಸಾಧಾರಣ ವಾಸಸ್ಥಳವಾಗದು ಎಂದು ಉಚ್ಚ ನ್ಯಾಯಾಲಯಗಳು ಹೇಳಿದ್ದುಂಟು. ಎಳೆಯ ಮಗುವಿನ ವಾಸ ತಾಯಿ ಇರುವಲ್ಲಿಯೇ ಎಂದು ಭಾವಿಸಬೇಕೆಂದು ಹೇಳಿದ್ದೂ ಉಂಟು.

ಇದರ ವ್ಯಾವಹಾರಿಕ ಫಲವನ್ನು ವಕೀಲರು ಬಲ್ಲರು, ಕಕ್ಷಿದಾರರೂ ಬೇಗ ಕಲಿಯುತ್ತಾರೆ. ಮಗು ಯಾರ ಬಳಿ ಇದೆಯೋ ಅವರ ಪರವಾಗಿ ಕಾಲ ದುಡಿಯುತ್ತದೆ. ವ್ಯಾಜ್ಯ ಎರಡು ವರ್ಷ ಎಳೆದರೆ ಮಗು ಶಾಲೆಗೆ ಸೇರಿರುತ್ತದೆ, ಗೆಳೆಯರನ್ನು ಪಡೆದಿರುತ್ತದೆ. ಆಗ ಅದನ್ನು ಕದಲಿಸುವುದು ಮಗುವಿನ ಹಿತಕ್ಕೆ ವಿರುದ್ಧ ಎಂಬ ವಾದ ಸಹಜವಾಗಿಯೇ ಬಲಗೊಳ್ಳುತ್ತದೆ. ಮಗು ಅಳುತ್ತದೆಯೆಂದು, ಶಾಲೆಯ ಬಾಗಿಲಲ್ಲಿ ಜಗಳ ಬೇಡವೆಂದು, ಒಮ್ಮೆ ಸಡಿಲ ಬಿಟ್ಟವರು ಆ ಸಡಿಲವನ್ನೇ ಎದುರು ಪಕ್ಷದ ಸಾಕ್ಷ್ಯವಾಗಿ ಮುಂದೆ ಕಾಣಬೇಕಾಗುತ್ತದೆ. ಮಹೋಸಧನ ಗೆರೆ ಇಲ್ಲಿಯೂ ಇದೆ. ಅದು ಎರಡು ರಾಜ್ಯಗಳ ನಡುವಣ ಗಡಿ. ತೀರ್ಪಿನ ಸೂತ್ರ ಮಾತ್ರ ಬೇರೆ.

ಇನ್ನು ಜನಪದರ ಕಡೆಗೆ ಬರೋಣ. ಕೂಸು ಯಾರದು ಎಂಬ ಪ್ರಶ್ನೆಗೆ ನಮ್ಮ ಜನಪದ ಆಚರಣೆಗಳು ಒಂದೇ ಉತ್ತರ ಕೊಡುವುದಿಲ್ಲ. ಅವು ಕೂಸನ್ನು ಎರಡು ಮನೆಗಳಿಗೆ ಹಂಚುತ್ತವೆ; ಆದರೆ ಸೊಲೊಮೋನನ ಕತ್ತಿಯಂತಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಕರ್ನಾಟಕದ ಬಹುಪಾಲು ಸಮುದಾಯಗಳ ರೂಢಿ. ಕೂಸು ಹುಟ್ಟುವುದೇ ತಾಯಿಯ ಊರಿನಲ್ಲಿ. ಬಾಣಂತನದ ಮೂರು ತಿಂಗಳೋ ಐದು ತಿಂಗಳೋ ಅದು ಅಜ್ಜಿಯ ಮನೆಯ ಕೂಸು. ಆದರೆ ಹೆಸರಿಡುವ ದಿನ ಅದರ ಕಿವಿಯಲ್ಲಿ ‘ಕುರ್‍’ ಎಂದು ಕೂಗಿ ಹೆಸರು ಹೇಳುವ ಅಧಿಕಾರ ಸೋದರತ್ತೆಯದು, ಅಂದರೆ ತಂದೆಯ ಅಕ್ಕತಂಗಿಯರದು. ಉತ್ತರ ಕರ್ನಾಟಕದಲ್ಲಿ ಆ ಗಳಿಗೆಯಲ್ಲಿ ಅತ್ತೆಯ ಬೆನ್ನಿಗೆ ಉಳಿದ ಹೆಂಗಸರು ಗುದ್ದುವ ವಿನೋದವೂ ಉಂಟು. ಹೀಗೆ ತವರಿನ ಅಂಗಳದಲ್ಲಿ ನಿಂತೇ ತಂದೆಯ ಮನೆ ತನ್ನ ಪಾಲನ್ನು ಪಡೆಯುತ್ತದೆ. ಅನಂತರ ತೊಟ್ಟಿಲು, ಕುಲಾವಿ, ಬಿಂದಲಿ, ಹೊಸ ಬಟ್ಟೆಗಳೊಡನೆ ತವರಿನವರು ತಾಯಿಮಗುವನ್ನು ಗಂಡನ ಮನೆಗೆ ಕಳಿಸುತ್ತಾರೆ. ಅಲ್ಲಿಗೆ ತವರಿನ ಸಂಬಂಧ ಮುಗಿಯಿತೇ? ಇಲ್ಲ. ಮೊದಲ ಕೂದಲು ತೆಗೆಯುವ ಜಾವಳಕ್ಕೆ ಸೋದರಮಾವನೇ ಬರಬೇಕು. ಅವನ ತೊಡೆಯ ಮೇಲೆ ಕೂರಿಸಿ ಅವನ ಕೈಯಿಂದಲೇ ಮೊದಲ ಎಳೆ ಕತ್ತರಿಸಬೇಕು. ಕಿವಿ ಚುಚ್ಚುವಾಗಲೂ ಅವನದೇ ತೊಡೆ. ಮುಂದೆ ಮದುವೆಯ ಹಂದರದಲ್ಲಿಯೂ ಅವನಿಗೆ ನಿಗದಿತ ಸ್ಥಾನವುಂಟು.

ಅಂದರೆ ತಂದೆಯ ತಂಗಿ ಹೆಸರಿಡುತ್ತಾಳೆ, ತಾಯಿಯ ತಮ್ಮ ಕೂದಲು ತೆಗೆಯುತ್ತಾನೆ. ಎರಡರಲ್ಲಿ ಯಾವುದೊಂದನ್ನು ಬಿಟ್ಟರೂ ಕೂಸಿನ ಸಾಮಾಜಿಕ ಹುಟ್ಟು ಪೂರ್ಣವಾಗುವುದಿಲ್ಲ. ಈ ಆಚರಣೆಗಳನ್ನು ನಾವು ಸಾಮಾನ್ಯವಾಗಿ ‘ಸಂಸ್ಕಾರ’ ಎಂಬ ತಲೆಬರಹದಡಿ ವರ್ಣಿಸಿ ಮುಂದೆ ಸಾಗುತ್ತೇವೆ. ಅವು ಹಕ್ಕುಗಳ ಬರೆಯದ ದಾಖಲೆಗಳೂ ಹೌದು ಎಂಬುದನ್ನು ನಮ್ಮ ಜಾನಪದ ಸಂಗ್ರಹಗಳು ಸಾಕಷ್ಟು ಗಮನಿಸಿಲ್ಲವೆಂದೇ ಹೇಳಬೇಕು. ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನೂ ಅವಳ ಮಕ್ಕಳನ್ನೂ ತವರಿಗೆ ಕರೆದೊಯ್ಯುವುದು ಹಬ್ಬದ ಸಡಗರ ಮಾತ್ರವಲ್ಲ. ವರ್ಷಕ್ಕೊಮ್ಮೆ ತಪ್ಪದೆ ನವೀಕರಣಗೊಳ್ಳುವ ಒಂದು ಭೇಟಿಯ ಹಕ್ಕು. ಹಲಸಂಗಿಯ ಗೆಳೆಯರು ವಿಜಯಪುರದ ಗಡಿಸೀಮೆಯಿಂದ ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದ ತ್ರಿಪದಿಗಳಲ್ಲಿ ತವರು, ಅಣ್ಣ, ಕೂಸು ಇವು ಮೂರೂ ಮತ್ತೆ ಮತ್ತೆ ಬರುತ್ತವೆ. ಈ ದೃಷ್ಟಿಯಿಂದ ಅವನ್ನು ಹೊಸದಾಗಿ ಓದಲು ಅವಕಾಶವಿದೆ.

ಹಾಗಾದರೆ ದಾಂಪತ್ಯ ಮುರಿದಾಗ ಏನಾಗುತ್ತಿತ್ತು? ಇಲ್ಲಿ ಒಂದು ಅಂಶವನ್ನು ಮುಚ್ಚಿಡದೆ ಹೇಳಬೇಕು. ಜನಪದ ನ್ಯಾಯವನ್ನು ಇಂದಿನ ನ್ಯಾಯಾಲಯದ ಎದುರು ಸುವರ್ಣಯುಗದಂತೆ ನಿಲ್ಲಿಸುವ ಚಪಲ ನಮ್ಮ ಕ್ಷೇತ್ರದಲ್ಲಿ ಇದೆ. ಅದಕ್ಕೆ ಆಧಾರ ಸಾಲದು. ಬಿಡುಗಡೆ ಮತ್ತು ಮರುಮದುವೆಗಳಿಗೆ ಅವಕಾಶವಿದ್ದ ಸಮುದಾಯಗಳಲ್ಲಿ, ಅಂದರೆ ಹಳೆಯ ಮೈಸೂರಿನ ಕೂಡಾವಳಿ, ಉತ್ತರದ ಉಡಿಕೆ ಪದ್ಧತಿಗಳಿದ್ದ ಕಡೆ, ಕುಲದ ಕಟ್ಟೆಯಲ್ಲಿ ಪಂಚರು ಕುಳಿತು ತೀರ್ಮಾನಿಸುತ್ತಿದ್ದರು. ಮುಂಬಯಿ ಕರ್ನಾಟಕದಲ್ಲಿ ಆ ಬಿಡುಗಡೆಯ ಕಾಗದಕ್ಕೆ ಮರಾಠಿಯಿಂದ ಬಂದ ‘ಸೋಡಚೀಟಿ’ ಎಂಬ ಹೆಸರಿತ್ತು. ತೀರ್ಮಾನದ ಸಾಮಾನ್ಯ ಸೂತ್ರ ಮಕ್ಕಳು ಬೆಡಗಿಗೆ, ಬೆಡಗು ತಂದೆಯದು ಎಂಬುದೇ. ಉಡಿಕೆಯಾಗಿ ಬೇರೆ ಮನೆ ಸೇರುವವಳು ಮೊದಲ ಗಂಡನ ಮಕ್ಕಳನ್ನು ಅವನ ಮನೆಯಲ್ಲಿಯೇ ಬಿಟ್ಟುಹೋಗಬೇಕಿತ್ತು. ಮೊಲೆಗೂಸಾದರೆ ಜೊತೆಗೆ ಒಯ್ದು, ಬೆಳೆದ ಮೇಲೆ ತಂದೆಯ ಮನೆಗೆ ಒಪ್ಪಿಸಬೇಕೆಂಬ ಕರಾರಿರುತ್ತಿತ್ತು. ಹೊಸ ಬಾಳಿಗೆ ಹೋಗುವ ಹೆಂಗಸು ತೆರುತ್ತಿದ್ದ ಬೆಲೆ ಇದು. ತಾಯಿಯ ಇಚ್ಛೆಯನ್ನಾಗಲಿ ಮಗುವಿನ ಇಚ್ಛೆಯನ್ನಾಗಲಿ ಪಂಚರು ಕೇಳಿದ ನೆನಪು ನಾನು ಮಾತನಾಡಿಸಿದ ಹಿರಿಯರಲ್ಲಿ ಬಹು ಕಡಿಮೆ ಜನರಿಗಿತ್ತು.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 6ನೆಯ ಕಲಮನ್ನು ಓದಿದಾಗ ಈ ರೂಢಿಯ ನೆರಳು ಅಲ್ಲಿ ಬಿದ್ದಂತೆ ತೋರುತ್ತದೆ. ಸಹಜ ಪಾಲಕನು ತಂದೆ, ಅವನ ‘ಅನಂತರ’ ತಾಯಿ. ಆದರೆ 5 ವರ್ಷ ತುಂಬದ ಮಗುವಿನ ಅಭಿರಕ್ಷೆ ಸಾಧಾರಣವಾಗಿ ತಾಯಿಯದು. ಮೊಲೆಗೂಸಿನ ಕರಾರು ಶಾಸನದ ಭಾಷೆಯಲ್ಲಿ ಬಂದಂತಿದೆ. ‘ಅನಂತರ’ ಎಂದರೆ ತಂದೆಯ ಮರಣಾನಂತರ ಎಂದೇ ಅರ್ಥವಲ್ಲ, ತಂದೆಯು ಮಗುವಿನ ಹೊಣೆ ಹೊರದಿರುವಾಗಲೂ ತಾಯಿ ಸಹಜ ಪಾಲಕಳೇ ಎಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು 1999ರಲ್ಲಿ, ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಹೂಡಿದ ಪ್ರಕರಣದಲ್ಲಿ. ಅದೇ ಅಧಿನಿಯಮದ 13ನೆಯ ಕಲಂ ಮಾತ್ರ ರೂಢಿಯಿಂದ ಪೂರ್ಣವಾಗಿ ಬೇರೆ ದಾರಿ ಹಿಡಿದಿದೆ. ಎಲ್ಲಕ್ಕಿಂತ ಮಿಗಿಲಾದುದು ಮಗುವಿನ ಹಿತ ಎಂದು ಅದು ವಿಧಿಸುತ್ತದೆ. ಮಕ್ಕಳು ಚರಾಸ್ತಿಯೂ ಅಲ್ಲ, ತಂದೆತಾಯಿಗಳ ಆಟಿಕೆಯೂ ಅಲ್ಲ ಎಂಬರ್ಥದ ಮಾತನ್ನು ಸರ್ವೋಚ್ಚ ನ್ಯಾಯಾಲಯ 1973ರಷ್ಟು ಹಿಂದೆಯೇ ಹೇಳಿತು. ಕುಲದ ಕಟ್ಟೆಯಲ್ಲಿ ಈ ಮಾತನ್ನು ಯಾರೂ ಹೇಳಿರಲಾರರು.

ತಂದೆಯ ಬೆಡಗೇ ಎಲ್ಲೆಡೆಯ ಸೂತ್ರವಾಗಿತ್ತೆಂದೂ ಭಾವಿಸಬೇಕಾಗಿಲ್ಲ. ಬಳ್ಳಾರಿ ಸೀಮೆಯ ಬಸವಿಯರ ಮಕ್ಕಳು ತಾಯಿಯ ತಂದೆಯ ಮನೆಗೇ ಸೇರಿದವರು. ಅದರ ಹಿಂದಿನ ಶೋಷಣೆ ಬೇರೆಯೇ ಕಥೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಮಗುವಿನ ಬಳಿ ತಾಯಿಯಿಂದ ಬರುತ್ತದೆ, ಕುಟುಂಬದ ಮನೆಯೂ ತಾಯಿಯ ಕಡೆಯದೇ, ಯಜಮಾನಿಕೆ ತಾಯಿಯ ಸೋದರರದು. 1949ರ ಮದರಾಸು ಅಳಿಯಸಂತಾನ ಅಧಿನಿಯಮವೂ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೂ ಈ ಪದ್ಧತಿಯ ಆಸ್ತಿಯ ಭಾಗವನ್ನು ಬಹಳ ಮಾರ್ಪಡಿಸಿದವು; ಬಳಿಯ ಭಾವನೆ, ಕುಟುಂಬದ ದೈವದ ಸೇವೆಯಲ್ಲಿ ಸೇರುವ ಕರ್ತವ್ಯ ಇಂದಿಗೂ ಉಳಿದಿವೆ. ಈಗ ಮುಂಬಯಿಯಲ್ಲಿ ನೆಲೆಸಿದ ತುಳುನಾಡಿನ ದಂಪತಿಗಳ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಮನಸ್ತಾಪವಾಗಿ ಹೆಂಡತಿ ನಾಲ್ಕು ವರ್ಷದ ಮಗುವಿನೊಡನೆ ಉಡುಪಿಯ ಬಳಿಯ ತನ್ನ ಕುಟುಂಬದ ಮನೆಗೆ ಬರುತ್ತಾಳೆ. ಅವಳ ಮನೆಯವರ ದೃಷ್ಟಿಯಲ್ಲಿ ಮಗು ತನ್ನ ಮನೆಗೆ ಬಂದಿದೆ. ಅದರ ಬಳಿ, ದೈವ, ಹಿರಿಯರ ಸ್ಥಾನ ಎಲ್ಲವೂ ಅಲ್ಲಿಯೇ. ಮುಂಬಯಿಯ ಕುಟುಂಬ ನ್ಯಾಯಾಲಯಕ್ಕೆ ಹೋದ ಗಂಡನ ಅರ್ಜಿಯಲ್ಲಿ ಅದೇ ಸಂಗತಿ ‘ಮಗುವನ್ನು ಅದರ ಸಾಧಾರಣ ವಾಸಸ್ಥಳದಿಂದ ಅನ್ಯ ರಾಜ್ಯಕ್ಕೆ ಒಯ್ಯಲಾಗಿದೆ’ ಎಂದಾಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ‘ಎಲ್ಲಿಯ ಮಗು’ ಎಂಬ ಪ್ರಶ್ನೆಯನ್ನು ಒಬ್ಬರು ಸಂತತಿಯಿಂದ ಅಳೆಯುತ್ತಿದ್ದಾರೆ, ಇನ್ನೊಬ್ಬರು ವಸತಿಯಿಂದ.

ಬಾಣಂತನದ ರೂಢಿಯೂ ಇದೇ ಬಗೆಯ ಗೊಂದಲವನ್ನು ಹುಟ್ಟಿಸುತ್ತದೆ. ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ದುಡಿಯುವ ದಂಪತಿಗಳ ಕೂಸು ಧಾರವಾಡದ ಅಜ್ಜಿಯ ಮನೆಯಲ್ಲಿ ಹುಟ್ಟುತ್ತದೆ. ಬಾಣಂತಿ ಐದು ತಿಂಗಳಿಗೆ ಮರಳಬೇಕಾದವಳು ಮನಸ್ತಾಪದಿಂದ ಮರಳುವುದಿಲ್ಲ. ಅಥವಾ ಗಂಡನ ಮನೆಯವರೇ ತೊಟ್ಟಿಲನ್ನು ಬರಮಾಡಿಕೊಳ್ಳುವುದಿಲ್ಲ. ರೂಢಿಯ ಪ್ರಕಾರ ಇದು ಅತಿಥಿವಾಸವೇ ಹೊರತು ನೆಲೆವಾಸವಲ್ಲ. ಆದರೆ ಕೂಸಿನ ಆಯುಸ್ಸೆಲ್ಲ ಅಲ್ಲಿಯೇ ಕಳೆದಿರುವಾಗ ಅದರ ಸಾಧಾರಣ ವಾಸ ಬೇರೆಲ್ಲಿ? ಇಂತಹ ಕಡೆ ರೂಢಿಯ ಅರ್ಥವನ್ನು ಬಲ್ಲವರು ವಿವರಿಸಿದರೆ ನ್ಯಾಯಾಲಯಕ್ಕೆ ನೆರವಾಗಬಲ್ಲದು ಎಂಬುದು ನನ್ನ ಅನಿಸಿಕೆ. ತವರಿಗೆ ಬಂದದ್ದನ್ನು ‘ಪರಾರಿ’ ಎಂದು ಬರೆಯುವ ಅರ್ಜಿಗಳೂ, ಮೂರು ತಿಂಗಳ ಬಾಣಂತನವನ್ನು ‘ಶಾಶ್ವತ ನೆಲೆ’ ಎಂದು ಬರೆಯುವ ಆಕ್ಷೇಪಣೆಗಳೂ ಸಮಾನವಾಗಿ ರೂಢಿಯನ್ನು ತಿರುಚುತ್ತವೆ.

ಕುಲದ ಕಟ್ಟೆಯ ನ್ಯಾಯದಲ್ಲಿ ದೋಷಗಳಿದ್ದವು ಎಂದೆ. ಅದಕ್ಕಿದ್ದ ಒಂದು ಅನುಕೂಲವನ್ನೂ ಹೇಳಬೇಕು. ಎರಡೂ ಮನೆಗಳು ಒಂದೇ ಸೀಮೆಯಲ್ಲಿದ್ದವು. ಮಗು ತಂದೆಯ ಮನೆಯಲ್ಲಿ ಉಳಿದರೂ ತಾಯಿಯ ಊರು ಮೂರು ಹರಿದಾರಿಯ ಆಚೆ. ಜಾತ್ರೆಯಲ್ಲಿ, ಸಂತೆಯಲ್ಲಿ, ಬೀಗರ ಮನೆಯ ಮದುವೆಯಲ್ಲಿ ಕಣ್ಣಿಗೆ ಬೀಳುವ ದೂರ. ಸೋದರಮಾವನೆಂಬ ಮೂರನೆಯ ವ್ಯಕ್ತಿ ಎರಡು ಮನೆಗಳ ನಡುವೆ ಓಡಾಡಬಲ್ಲವನಾಗಿದ್ದ. ಆದುದರಿಂದ ಕೈಬಿಟ್ಟವರು ಪೂರ್ತಿಯಾಗಿ ಕಳೆದುಕೊಳ್ಳುತ್ತಿರಲಿಲ್ಲ. ಕೈಬಿಡುವುದು ಸಾಧ್ಯವಾಗಿದ್ದುದೇ ಅದಕ್ಕೆ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಳಿಗೆ ಮರಳುವ ಮುನ್ನ ಕರುವನ್ನು ತನ್ನ ಒಡಹುಟ್ಟುಗಳಂತಿರುವ ಆಕಳುಗಳಿಗೆ ಒಪ್ಪಿಸುವ ಸನ್ನಿವೇಶ ನಮ್ಮ ಮಕ್ಕಳಿಗೆಲ್ಲ ಪರಿಚಿತ. ಅಲ್ಲಿ ದೊಡ್ಡಿ ಒಂದೇ.

1956ನೆಯ ಇಸವಿ ಈ ದೃಷ್ಟಿಯಿಂದ ವಿಚಿತ್ರ ಸಂಧಿಕಾಲ. ಆಗಸ್ಟ್ 25ರಂದು ಹಿಂದೂ ಪಾಲಕತ್ವದ ಅಧಿನಿಯಮ ಬಂದಿತು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕನ್ನಡ ನಾಡು ಒಂದಾದ ಆ ದಿನವೇ ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಸೀಮೆಗಳ ಕನ್ನಡ ಕುಟುಂಬಗಳು ಗಡಿಯಾಚೆ ಉಳಿದವು. ಕಾಸರಗೋಡು ಕೇರಳಕ್ಕೆ ಸೇರಿತು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಗಡಿಯನ್ನು ಲೆಕ್ಕಿಸದೆ ಮುಂದುವರಿದವು. ಸಂಬಂಧ ಮುರಿದಾಗ ಮಾತ್ರ ಗಡಿ ಎದ್ದು ನಿಲ್ಲುತ್ತದೆ. ಕಲಬುರಗಿಗೂ ಸೊಲ್ಲಾಪುರಕ್ಕೂ ನಡುವಣ ದೂರ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಆದರೆ ಸೊಲ್ಲಾಪುರದಲ್ಲಿ ಗಂಡ ಹೂಡಿದ ಪ್ರಕರಣವನ್ನು ಕಲಬುರಗಿಗೆ ವರ್ಗಾಯಿಸಬೇಕೆಂದು ಹೆಂಡತಿ ಬಯಸಿದರೆ ಅವಳು ಹೋಗಬೇಕಾದುದು ದೆಹಲಿಗೆ. ಒಂದು ರಾಜ್ಯದ ನ್ಯಾಯಾಲಯದಿಂದ ಇನ್ನೊಂದು ರಾಜ್ಯದ ನ್ಯಾಯಾಲಯಕ್ಕೆ ಹೀಗೆ ವರ್ಗಾಯಿಸುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಂ ಸರ್ವೋಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ. ಇಂತಹ ಅರ್ಜಿಗಳಲ್ಲಿ ಹೆಂಡತಿಯ ಅನುಕೂಲಕ್ಕೆ, ವಿಶೇಷವಾಗಿ ಎಳೆಯ ಮಗು ಜೊತೆಯಲ್ಲಿದ್ದರೆ, ಆ ನ್ಯಾಯಾಲಯ ಹೆಚ್ಚಿನ ಬೆಲೆ ಕೊಡುತ್ತ ಬಂದಿದೆ ಎಂಬುದು ನಿಜ. ಆದರೂ ಮೂರು ತಾಸಿನ ದಾರಿಗೆ ಒಂದೂವರೆ ಸಾವಿರ ಕಿಲೋಮೀಟರಿನ ಸುತ್ತು.

ಈ ಸುತ್ತನ್ನು ತಪ್ಪಿಸಲು ವೀಡಿಯೊ ಮೂಲಕ ವಿಚಾರಣೆ ನಡೆಸಬಹುದೇ ಎಂಬ ಪ್ರಶ್ನೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೇ ಚರ್ಚೆಗೆ ಬಂತು. ವರ್ಗಾವಣೆಗೆ ಬದಲಾಗಿ ಅದನ್ನು ಹೇರುವಂತಿಲ್ಲ, ರಾಜಿಯ ಯತ್ನ ವಿಫಲವಾದ ಬಳಿಕ ಇಬ್ಬರೂ ಒಪ್ಪಿದರೆ ಕುಟುಂಬ ನ್ಯಾಯಾಲಯ ಅನುಮತಿಸಬಹುದು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ವರ್ಷದ ಅಕ್ಟೋಬರಿನಲ್ಲಿ ಬಹುಮತದಿಂದ ನಿರ್ಣಯಿಸಿತು. ರಾಜಿಯ ಮಾತುಕತೆಗೆ ಮುಖಾಮುಖಿ ಬೇಕೆಂಬ ಕಾಳಜಿ ಆ ತೀರ್ಪಿನಲ್ಲಿತ್ತು. ಕಟ್ಟೆಯ ಮೇಲೆ ಎರಡೂ ಮನೆಯವರನ್ನು ಎದುರುಬದುರು ಕೂರಿಸುತ್ತಿದ್ದ ಪಂಚರಿಗೆ ಈ ಕಾಳಜಿ ಅರ್ಥವಾಗುತ್ತಿತ್ತು. 2020ರ ಮಹಾಮಾರಿಯ ಅನಂತರ ವೀಡಿಯೊ ವಿಚಾರಣೆ ನ್ಯಾಯಾಲಯಗಳಲ್ಲಿ ಸಾಮಾನ್ಯ ಸಂಗತಿಯಾಗಿದೆ. ಅದೇ 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಮಾತನ್ನು ಹೇಳಿತು. ತಂದೆತಾಯಿಗಳು ಬೇರೆ ಬೇರೆ ರಾಜ್ಯಗಳಲ್ಲಿ ಅಥವಾ ದೇಶಗಳಲ್ಲಿರುವಾಗ ಭೇಟಿಯ ಹಕ್ಕಿನ ಜೊತೆಗೆ ‘ಸಂಪರ್ಕದ ಹಕ್ಕು’ ಕೂಡ ಮುಖ್ಯ. ದೂರವಾಣಿ, ವೀಡಿಯೊ ಕರೆಗಳ ಮೂಲಕ ಮಗುವಿನೊಡನೆ ಮಾತನಾಡಲು ಅವಕಾಶವಿರಬೇಕು ಎಂದು. 2015ರಲ್ಲಿ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ಜಂಟಿ ಅಭಿರಕ್ಷೆಗೆ ಶಾಸನದಲ್ಲಿ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತ್ತು. ಹೆಸರಿಡುವವರು ಒಂದು ಕಡೆಯವರು, ಕೂದಲು ತೆಗೆಯುವವರು ಇನ್ನೊಂದು ಕಡೆಯವರು ಎಂಬ ನಮ್ಮ ಆಚರಣೆಯನ್ನು ಬಲ್ಲವರಿಗೆ ಈ ಶಿಫಾರಸು ಹೊರಗಿನದೆನಿಸುವುದಿಲ್ಲ.

ತಾಯಿಯ ಕಡೆಯ ಬಂಧುಗಳ ಸ್ಥಾನದ ಬಗ್ಗೆ ಒಂದು ಮಾತು. ತಾಯಿ ತೀರಿಕೊಂಡ ಮೇಲೆ ಅವಳ ಕಡೆಯ ಬಂಧುಗಳು ಸಾಕುತ್ತಿದ್ದ ಎಳೆಯ ಮಗುವಿಗಾಗಿ ತಂದೆ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದ ಪ್ರಕರಣವೊಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಸಹಜ ಪಾಲಕನಾದ ತಂದೆಗೆ ಮಗುವನ್ನು ಒಪ್ಪಿಸಬೇಕೆಂಬ ಆದೇಶವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮಗುವಿನ ಹಿತದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಇರಬಹುದು. ನಾನು ಗಮನಿಸಬಯಸುವುದು ಇಷ್ಟೆ: ರೂಢಿಯಲ್ಲಿ ಅಷ್ಟು ಎತ್ತರದ ಸ್ಥಾನವುಳ್ಳ ಸೋದರಮಾವನಿಗೆ, ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಶಾಸನ ಕೊಡುವ ಹೆಸರು ‘ಸಮೀಪ ಬಂಧು’ ಎಂಬುದು ಮಾತ್ರ. 1890ರ ಅಧಿನಿಯಮದ 17ನೆಯ ಕಲಂ ಪಾಲಕನನ್ನು ನೇಮಿಸುವಾಗ ಪರಿಗಣಿಸಬೇಕಾದ ಅಂಶಗಳಲ್ಲಿ ಈ ಸಾಮೀಪ್ಯವನ್ನೂ ಒಂದಾಗಿ ಸೇರಿಸಿದೆ. ಅದೇ ಕಲಂ, ಮಗುವಿಗೆ ತಿಳಿವಳಿಕೆಯಿಂದ ಆಯ್ಕೆ ಮಾಡುವಷ್ಟು ವಯಸ್ಸಾಗಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಎನ್ನುತ್ತದೆ. ಮಹೋಸಧನಾಗಲಿ ಸೊಲೊಮೋನನಾಗಲಿ ನಮ್ಮ ಪಂಚರಾಗಲಿ ಮಾಡದಿದ್ದ ಕೆಲಸವಿದು. ಕಥೆಯ ಕೂಸು ಅಳುತ್ತದೆ, ಮಾತನಾಡುವುದಿಲ್ಲ.

ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದು ಅಂತಾರಾಜ್ಯ ವ್ಯಾಜ್ಯಗಳ ಇನ್ನೊಂದು ಮಗ್ಗುಲು. ಇದು ತೀರ್ಪುಗಳಲ್ಲಿ ಅಪರೂಪವಾಗಿ ಕಾಣುತ್ತದೆ, ಮನೆಗಳಲ್ಲಿ ಪ್ರತಿದಿನ ಕಾಣುತ್ತದೆ. ಎರಡು ವರ್ಷ ಗಡಿಯಾಚೆ ಉಳಿದ ಮಗು ಶಾಲೆಯ ಮರಾಠಿಯನ್ನು ಕಲಿತು ಅಜ್ಜಿಯ ಕನ್ನಡವನ್ನು ಮರೆಯುತ್ತದೆ, ಅಥವಾ ಇದರ ವಿಪರ್ಯಾಸ. ಸಂಪರ್ಕದ ಹಕ್ಕಿನ ವೀಡಿಯೊ ಕರೆಯಲ್ಲಿ ಆ ಕಡೆ ಈ ಕಡೆ ಮುಖಗಳಿರುತ್ತವೆ. ಮಾತು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಜೋಗುಳ ಹಾಡಿ ಮಲಗಿಸಿದ ಹೆಂಗಸಿಗೆ ಆ ಮಗುವಿನೊಡನೆ ಆಡಲು ಪದಗಳಿಲ್ಲದಿರುವುದು ಯಾವ ಕಲಮಿನ ಅಡಿಯಲ್ಲಿಯೂ ಬರದ ನಷ್ಟ.

ತಂದೆಯ ರಾಜ್ಯದ ಹೊರಗೆ ಬೆಳೆದ ಮಕ್ಕಳ ಕಥೆಯನ್ನು ನಮ್ಮ ಜನ ಅನೇಕ ರೂಪಗಳಲ್ಲಿ ನೋಡಿದ್ದಾರೆ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಯಕ್ಷಗಾನ, ದೊಡ್ಡಾಟಗಳವರೆಗೆ ಲವಕುಶರ ಕಾಳಗ ಜನಪ್ರಿಯ ಪ್ರಸಂಗ. ಪ್ರೇಕ್ಷಕರ ಒಲವು ಸದಾ ತಾಯಿಯ ಕಡೆಗೆ, ಮಕ್ಕಳ ಕಡೆಗೆ. ಆದರೆ ಲವಕುಶರ ಕಥೆಯ ಪ್ರಸಿದ್ಧ ಪಾಠಗಳಲ್ಲಿ ಮಕ್ಕಳು ಕೊನೆಗೆ ಅಯೋಧ್ಯೆಗೆ ಸೇರುತ್ತಾರೆ, ತಾಯಿ ಭೂಮಿಗೆ. ಅನುಕಂಪ ಒಂದು ಕಡೆ, ಒಡೆತನ ಇನ್ನೊಂದು ಕಡೆ ಎಂಬ ಈ ಬಿರುಕು ಕುಲದ ಕಟ್ಟೆಯಲ್ಲಿಯೂ ಇತ್ತು. ಆಟ ನೋಡಿ ಕಣ್ಣೊರೆಸಿಕೊಂಡು ಮನೆಗೆ ಹೋದ ಪಂಚರೇ ಮರುದಿನ ಬೆಡಗಿನ ಸೂತ್ರವನ್ನು ಹೇಳುತ್ತಿದ್ದರು.

ಅಕ್ಕಲಕೋಟೆ ತಾಲ್ಲೂಕಿನ ಗಡಿಯಂಚಿನ ಹಳ್ಳಿಯೊಂದರಲ್ಲಿ ಜಾವಳದ ಹಾಡುಗಳನ್ನು ಕೇಳಲು ಹೋಗಿದ್ದಾಗ ಎಪ್ಪತ್ತು ದಾಟಿದ ಹೆಂಗಸೊಬ್ಬರು ತಮ್ಮ ಅಕ್ಕನ ಸೋಡಚೀಟಿಯ ದಿನವನ್ನು ನೆನೆದರು. ಮಾರುತಿ ಗುಡಿಯ ಮುಂದೆ ಎರಡೂ ಊರಿನ ಹಿರಿಯರು ಕೂತಿದ್ದರು. ಕೂಸು ತಂದೆಯ ಮನೆಗೆ ಎಂದು ತೀರ್ಮಾನವಾಯಿತು. ಪಂಚಮಿಗೂ ಜಾತ್ರೆಗೂ ಮಾವ ಹೋಗಿ ಕರೆತರತಕ್ಕದ್ದು, ಅಡ್ಡಿಪಡಿಸಿದವರಿಗೆ ದಂಡ ಎಂದೂ ಆಯಿತು. ಅಕ್ಕ ಆ ರಾತ್ರಿಯೆಲ್ಲ ಅತ್ತಳು ಎಂಬುದನ್ನೂ ಅವರು ಹೇಳಲು ಮರೆಯಲಿಲ್ಲ. ಅವರ ಮೊಮ್ಮಗಳ ಪ್ರಕರಣ ಈಗ ಎರಡು ರಾಜ್ಯಗಳ ಎರಡು ನ್ಯಾಯಾಲಯಗಳಲ್ಲಿದೆ. ಮಗು ತಂದೆಯ ಬಳಿ. “ಪಂಚರು ಹಿಂಗ ಕಾಗದಾ ಕೇಳತಿದ್ದಿಲ್ರಿ. ಜಾವಳಾ ಯಾರ ತಗದಾರ ಅಂತ ಕೇಳತಿದ್ರು” ಎಂದರು.

ಜಾವಳ ಆಗಿದೆಯೇ ಎಂದು ಕೇಳಿದೆ. ಇಲ್ಲ. ನ್ಯಾಯಾಲಯದ ಮಧ್ಯಂತರ ಆದೇಶದಂತೆ ತಿಂಗಳ ಒಂದು ಶನಿವಾರ ಎರಡು ತಾಸು ಭೇಟಿ. ಮೊಮ್ಮಗಳು ಬೆಳಗಿನ ಬಸ್ಸು ಹಿಡಿದು ಹೋಗಿ ರಾತ್ರಿ ಮರಳುತ್ತಾಳೆ. ಕಳೆದ ಸಲ ಹೋದಾಗ ಮಗುವಿನ ತಲೆಯನ್ನು ನಗರದ ಸಲೂನಿನಲ್ಲಿ ಕತ್ತರಿಸಿದ್ದರು. ಸೋದರಮಾವನು ಆಗಲೇ ಮಾಡಿಸಿಟ್ಟಿದ್ದ ಬೆಳ್ಳಿಯ ಉಡಿದಾರವನ್ನು ಆ ಅಜ್ಜಿ ಟ್ರಂಕಿನಿಂದ ತೆಗೆದು ತೋರಿಸಿದರು. ಎರಡು ವರ್ಷದ ಕೂಸಿನ ನಡುವಿಗೆ ಅಳತೆ ಕೊಟ್ಟು ಮಾಡಿಸಿದ್ದು. ಮಗುವಿಗೆ ಈಗ ಐದು ನಡೆಯುತ್ತಿದೆ.